ಗೋಡೆಯ ಮೇಲೆ ಬಾರದ ಕಡಲು

ಸಂಗೊಳ್ಳಿಯ ಬದಿಯ ನಮ್ಮಂಥವರಿಗೆ ನೀರೆಂದರೆ ಮಲಪ್ರಭೆ. ನೌಕೆಯೆಂದರೆ ಹಿರಿಯರು ಹೊಳೆ ದಾಟುತ್ತಿದ್ದ ಹರಿಗೋಲು. ಹೀಗಿರುವಲ್ಲಿ ಫ್ರಾನ್ಸಿನ ದೊರೆಗಳ ಹಡಗು, ಆ ಹಡಗುಗಳ ಚಿತ್ರ ಇವುಗಳ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. 1785ರಲ್ಲಿ ಟೀಪೂ ಸುಲ್ತಾನನ ದಂಡು ನರಗುಂದವನ್ನೂ ಕಿತ್ತೂರನ್ನೂ ಹಿಡಿದ ಸಂಗತಿ ನಿಮಗೆ ಗೊತ್ತಿದ್ದದ್ದೇ. ಆ ದಂಡಿಗೆ ಇತ್ತ ಬರಲು ಬಿಡುವಾದದ್ದು ಹೇಗೆಂದು ಹುಡುಕುತ್ತ ಹೋದರೆ ನಾವು ಬಂಗಾಲದ ಉಪಸಾಗರದ ದಂಡೆಗೆ ಹೋಗಿ ನಿಲ್ಲಬೇಕಾಗುತ್ತದೆ.

ಮೊದಲು ಚಿತ್ರದ ಮಾತು. 1753ರಲ್ಲಿ ದೊರೆ ಹದಿನೈದನೆಯ ಲೂಯಿಯ ಆಸ್ಥಾನವು ಕ್ಲೋದ್ ಜೋಸೆಫ್ ವೆರ್ನೆ ಎಂಬ ಚಿತ್ರಕಾರನಿಗೆ ರಾಜ್ಯದ ಬಂದರುಗಳನ್ನೆಲ್ಲ ಬರೆದುಕೊಡುವಂತೆ ಅಪ್ಪಣೆ ಮಾಡಿತು. ಆತ ಮಾರ್ಸೇಲ್, ತುಲೋನ್, ಬೋರ್ಡೋ ಎಂದು ಊರೂರು ಸುತ್ತಿ, 1765ರ ಹೊತ್ತಿಗೆ 15 ದೊಡ್ಡ ತೈಲಚಿತ್ರಗಳನ್ನು ಮುಗಿಸಿದ. ವಿಶಾಲವಾದ ಆಕಾಶ, ಕೂವೆಮರಗಳ ಸಾಲು, ದಂಡೆಯಲ್ಲಿ ಪೀಪಾಯಿ ಉರುಳಿಸುವ ಕೂಲಿಗಳು, ಹರಟೆ ಹೊಡೆಯುವ ಹೆಂಗಸರು, ತುಲೋನಿನ ಶಸ್ತ್ರಾಗಾರದೆದುರು ಮಲಗಿಸಿಟ್ಟ ತೋಪುಗಳು. ನೋಡಿದವರಿಗೆ ಈ ದೊರೆಯ ಸಮಾನರು ಕಡಲಿನಲ್ಲಿ ಯಾರೂ ಇಲ್ಲವೆನಿಸಬೇಕು. ಆದರೆ ವೆರ್ನೆಯ ಕುಂಚ ಆಡುತ್ತಿದ್ದಾಗಲೇ, 1759ರ ನವೆಂಬರಿನಲ್ಲಿ, ಕಿಬೆರಾನ್ ಕೊಲ್ಲಿಯಲ್ಲಿ ಇಂಗ್ಲಿಷರು ಫ್ರೆಂಚ್ ನೌಕಾಬಲವನ್ನು ಮುರಿದರು. 1761ರ ಜನವರಿಯಲ್ಲಿ ಪಾಂಡಿಚೇರಿಯೂ ಅವರ ವಶವಾಯಿತು. ಬರೆದ ಹಡಗು ಭದ್ರವಾಗಿತ್ತು, ಕಟ್ಟಿದ ಹಡಗು ಮುಳುಗಿತ್ತು!

ಸೋತ ಮೇಲೆ ಫ್ರೆಂಚರಿಗೆ ಎಚ್ಚರ ಬಂದಿತು. ಪಟ್ಟಣಗಳೇ ಹಣ ಕೂಡಿಸಿ ದೊರೆಗೆ ಹಡಗುಗಳನ್ನು ಕೊಟ್ಟವು. ಹಾಗೆ ಮರಳಿ ಕೂಡಿದ ನೌಕಾಬಲದ ಒಂದು ಭಾಗವೇ 1782ರಲ್ಲಿ ಸುಫ್ರಾಂ ಎಂಬ ದಳಪತಿಯ ಕೈಕೆಳಗೆ ನಮ್ಮ ಪೂರ್ವ ಕರಾವಳಿಗೆ ಬಂದಿತು.

ಆಗ ಹೈದರ ಅಲಿಗೆ ಈ ನೆರವು ಎಷ್ಟು ಬೇಕಾಗಿತ್ತೆಂಬುದನ್ನು ತಿಳಿಯಲು ಎರಡು ವರುಷ ಹಿಂದಕ್ಕೆ ಹೋಗೋಣ. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಬೇಲಿಯ ದಂಡನ್ನು ಹೈದರನೂ ಟೀಪುವೂ ಸದೆಬಡಿದರು. ಮೂರೇ ತಿಂಗಳು, ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿಗೆ ಬಂದು ಹೈದರನ ಹಡಗುಗಳನ್ನು ನಾಶಮಾಡಿ ಹೋದ. ನೆಲದ ಮೇಲೆ ಗೆದ್ದವನಿಗೆ ನೀರಿನ ಮೇಲೆ ಕೈಕಾಲಿಲ್ಲದಂತಾಯಿತು. ನಮ್ಮ ಶಾಲೆಯ ಪಾಠಗಳಲ್ಲಿ ಮೊದಲನೆಯದನ್ನು ಹೇಳುವಷ್ಟು ಉತ್ಸಾಹದಿಂದ ಎರಡನೆಯದನ್ನು ಹೇಳುವುದಿಲ್ಲ. ಈ ಮಾತಿಗೆ ನಾನೂ ಹೊರತಲ್ಲ.

ಸುಫ್ರಾಂ ಎದುರಿಸಿದ್ದು ಇದೇ ಹ್ಯೂಸನನ್ನು. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಇಬ್ಬರಿಗೂ ಐದು ಬಾರಿ ಕಾಳಗವಾಯಿತು. 1782ರ ಜುಲೈನಲ್ಲಿ ಕಡಲೂರಿನ ಬಳಿ ಹೈದರನೂ ಸುಫ್ರಾಂನೂ ಕಂಡು ಮಾತನಾಡಿದರು. ಡಿಸೆಂಬರಿನಲ್ಲಿ ಹೈದರ ತೀರಿಕೊಂಡ. ಮರುವರ್ಷ ಜೂನ್ 20ರಂದು ಅದೇ ಕಡಲೂರಿನೆದುರು ಸುಫ್ರಾಂ ತನ್ನ 15 ಹಡಗುಗಳಿಂದ ಹ್ಯೂಸನ 18 ಹಡಗುಗಳನ್ನು ಹಿಮ್ಮೆಟ್ಟಿಸಿದ. ಕೋಟೆಗೆ ಮುತ್ತಿಗೆ ಹಾಕಿದ್ದ ಇಂಗ್ಲಿಷರಿಗೆ ಕಡಲಿನ ಆಸರೆ ತಪ್ಪಿತು. ಇನ್ನೇನು ಅವರ ಗತಿ ಮುಗಿಯಿತು ಎನ್ನುವಷ್ಟರಲ್ಲಿ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದಿತು. ಫ್ರೆಂಚರು ಕತ್ತಿ ಒರೆಗಿಟ್ಟರು. ಮಂಗಳೂರಿನ ಮುತ್ತಿಗೆಯಲ್ಲಿದ್ದ ಟೀಪು ಒಬ್ಬಂಟಿಗನಾದ. 1784ರ ಮಾರ್ಚ್ 11ರಂದು ಅವನೂ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ. ಅದರ ಮರುವರ್ಷವೇ ಅವನ ದಂಡು ನಮ್ಮ ಕಡೆಗೆ ತಿರುಗಿದ್ದು.

ಅದೇ 1784ರಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಸಿದ್ಧವಾಯಿತು. ದರಿಯಾ ಎಂದರೆ ಪಾರಸಿಯಲ್ಲಿ ಕಡಲು, ದೌಲತ್ತೆಂದರೆ ಸಿರಿ. ಪಶ್ಚಿಮದ ಗೋಡೆಯ ಮುಂದೆ ನಿಂತು ನೋಡಿರಿ: ಪೊಲ್ಲಿಲೂರಿನ ಕಾಳಗ, ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಬೇಲಿ, ದುರ್ಬೀನು ಹಿಡಿದ ಫ್ರೆಂಚ್ ಸರದಾರ ಲಾಲಿ. ಹೆಸರಿನಲ್ಲಿ ಕಡಲುಂಟು, ಆ ಯುದ್ಧಚಿತ್ರದಲ್ಲಿ ಕಡಲಿಲ್ಲ. ಮಂಗಳೂರಿನ ಹಡಗುಗಳ ಸಂಗತಿಯನ್ನು ಯಾವ ದೊರೆ ತಾನೇ ತನ್ನ ಗೋಡೆಯ ಮೇಲೆ ಬರೆಯಿಸಿಯಾನು? ಹದಿನೈದನೆಯ ಲೂಯಿಯೂ ಕಿಬೆರಾನನ್ನು ವೆರ್ನೆಯಿಂದ ಬರೆಯಿಸಲಿಲ್ಲವಷ್ಟೆ.

ಟೀಪು ಮಾತ್ರ ಕಡಲನ್ನು ಮರೆತವನಲ್ಲ. 1787ರಲ್ಲಿ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿದ. 1788ರ ಜೂನಿನಲ್ಲಿ ಅವರು ಇಳಿದದ್ದು ವೆರ್ನೆ ಚಿತ್ರಿಸಿದ್ದ ಅದೇ ತುಲೋನಿನಲ್ಲಿ. ಆಗಸ್ಟ್ 10ರಂದು ಹದಿನಾರನೆಯ ಲೂಯಿ ಅವರನ್ನು ವರ್ಸೇಲ್ಸಿನಲ್ಲಿ ಬರಮಾಡಿಕೊಂಡ. ಉಪಚಾರಕ್ಕೆ ಕೊರತೆಯಾಗಲಿಲ್ಲ, ಸೈನ್ಯ ಮಾತ್ರ ಸಿಗಲಿಲ್ಲ. ದೊರೆಯ ಬೊಕ್ಕಸವೇ ಬರಿದಾಗಿತ್ತು. ವಿಜೇ ಲ ಬ್ರೂನ್ ಎಂಬ ಹೆಸರಾಂತ ಚಿತ್ರಕಾರ್ತಿ ಮಹಮ್ಮದ್ ದರವೇಶ್ ಖಾನನನ್ನು ನಿಲುವಂಗಿ, ಕತ್ತಿಗಳೊಡನೆ ಬರೆದಳು. ಚಿತ್ರ ಮುಗಿದ ಮೇಲೆ ಖಾನಸಾಹೇಬರು ಅದನ್ನು ತಮ್ಮ ಮಂಚದ ಹಿಂದೆ ಅಡಗಿಸಿಟ್ಟು ಕೊಡಲೊಲ್ಲೆನೆಂದರಂತೆ. ಆಕೆ ಆಳಿನ ಮೂಲಕ ಉಪಾಯದಿಂದ ತರಿಸಿಕೊಳ್ಳಬೇಕಾಯಿತು. 1789ರಲ್ಲಿ ಪ್ಯಾರಿಸಿನ ಜನ ಆ ಚಿತ್ರವನ್ನು ನೋಡುವ ಹೊತ್ತಿಗೆ ಅಲ್ಲಿ ಕ್ರಾಂತಿ ಹೊತ್ತಿಕೊಂಡಿತ್ತು.

ಕೊನೆಗೆ ಟೀಪು ಪರರ ಹಡಗನ್ನು ನೆಚ್ಚುವುದನ್ನು ಬಿಟ್ಟು, 1796ರಲ್ಲಿ ತನ್ನದೇ ನೌಕಾಬಲಕ್ಕೆ ಅಪ್ಪಣೆ ಹೊರಡಿಸಿದ: 20 ದೊಡ್ಡ ಯುದ್ಧನೌಕೆ, 20 ಸಣ್ಣವು, ಪಶ್ಚಿಮ ಕರಾವಳಿಯಲ್ಲಿ ಅವನ್ನು ಕಟ್ಟುವ ಸ್ಥಳಗಳು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ನೌಕಾಬಲ ಇನ್ನೂ ಸಿದ್ಧವಾಗಿರಲಿಲ್ಲ.