ಮನೆಯ ಲೆಕ್ಕ ಇಬ್ಬರಿಗೂ ಗೊತ್ತಿರಲಿ

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಯುವ ದಂಪತಿಯ ಮೊದಲ ಮನೆ’. ನಾನು ವಕೀಲೆಯಲ್ಲ, ಬ್ಯಾಂಕಿನವಳೂ ಅಲ್ಲ. ಎಂ.ಟೆಕ್. ಮುಗಿಸಿ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವಳು. ಹಾಗಾಗಿ ಉಪದೇಶ ಮಾಡುವುದಿಲ್ಲ. ಭಾಂಡುಪ್‌ನಲ್ಲಿ ನಾವು ಒಂದು ಮನೆ ಕೊಂಡ ಕತೆ ಹೇಳುತ್ತೇನೆ. ಅದರಲ್ಲಿ ನಾವು ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮುಂಬಯಿಯಲ್ಲಿ ಮನೆಯನ್ನು ಬೇರೆ ಯಾರೋ ಕಟ್ಟಿರುತ್ತಾರೆ, ನಾವು ಕಟ್ಟುವುದು ಕಂತು ಮಾತ್ರ! ಆದರೂ ಗಾದೆ ಸುಳ್ಳಾಗುವುದಿಲ್ಲ.

ಮೊದಲು ನಮ್ಮ ಅತ್ತೆಯವರ ಬಗ್ಗೆ ಎರಡು ಮಾತು. ಮಾವ ಕುಂದಾಪುರದ ಕಡೆಯಿಂದ ಹನ್ನೆರಡನೇ ವಯಸ್ಸಿನಲ್ಲಿ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದವರು. ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಮದುವೆಯಾದ ಮೇಲೆ ಲಾಲ್‌ಬಾಗ್‌ನ ಚಾಳಿನಲ್ಲಿ ಒಂದು ಖೋಲಿ, ಆಮೇಲೆ ಉಪನಗರದ ಬಾಡಿಗೆ ಮನೆಗಳು. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗಲೆಲ್ಲ ಪಾತ್ರೆ ಪಗಡೆ ಗೋಣಿಗೆ ತುಂಬಬೇಕು. ಅತ್ತೆ ಬೆರಳು ಮಡಚಿ ಲೆಕ್ಕ ಹೇಳುತ್ತಾರೆ, ಒಟ್ಟು ಒಂಬತ್ತು ಮನೆ. ಒಂದರ ಕಾಗದದಲ್ಲೂ ಅವರ ಹೆಸರಿರಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕಿತ್ತಂತೆ. ಇಂಥ ಕತೆ ಇಲ್ಲಿ ಕೂತಿರುವ ಅನೇಕರ ಮನೆಯಲ್ಲಿ ಇದ್ದೇ ಇರುತ್ತದೆ.

ನಾವು ಮನೆ ಹುಡುಕಲು ಶುರು ಮಾಡಿದ್ದು 2022ರಲ್ಲಿ. ಮೊದಲು ನೋಡಿದ್ದು ಇನ್ನೂ ಕಟ್ಟುತ್ತಿದ್ದ ಒಂದು ಕಟ್ಟಡ. ಸ್ಯಾಂಪಲ್ ಫ್ಲ್ಯಾಟ್ ನೋಡಿ ನಾವಿಬ್ಬರೂ ಮರುಳಾಗಿಬಿಟ್ಟೆವು. “ಇವತ್ತು ಶೇಕಡಾ 20 ಕೊಟ್ಟರೆ ಈ ದರ, ಅಗ್ರಿಮೆಂಟ್ ಆಮೇಲೆ ಮಾಡೋಣ” ಎಂದರು. ನಮ್ಮವರು ಚೆಕ್ ಪುಸ್ತಕ ತೆಗೆದಾಗಿತ್ತು. ಯಾಕೋ ನನಗೆ ನಮ್ಮ ಸಂಘದ ಒಬ್ಬ ಅಕ್ಕನ ನೆನಪಾಯಿತು. ಬ್ಯಾಂಕಿನಿಂದ ನಿವೃತ್ತರಾದವರು, ಇವತ್ತೂ ಸಭೆಯಲ್ಲಿದ್ದಾರೆ. ಹೊರಗೆ ಬಂದು ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: “ಮಹಾರೇರಾ ನಂಬರ್ ಹಾಕಿ ವೆಬ್‌ಸೈಟಿನಲ್ಲಿ ನೋಡಿದಿರಾ? ಅಗ್ರಿಮೆಂಟ್ ನೋಂದಣಿ ಆಗದೆ ಶೇಕಡಾ 10ಕ್ಕಿಂತ ಹೆಚ್ಚು ಅವರು ತೆಗೆದುಕೊಳ್ಳುವ ಹಾಗಿಲ್ಲ, ಗೊತ್ತಾ?”

ನನಗೆ ಗೊತ್ತಿರಲಿಲ್ಲ. 2016ರ ರೇರಾ ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ಮನೆಯ ಅಳತೆಯನ್ನು ಕಾರ್ಪೆಟ್ ಏರಿಯಾದಲ್ಲೇ ಹೇಳಬೇಕು, ತೆರೆದ ಜಾಗದ ಪಾರ್ಕಿಂಗನ್ನು ಬೇರೆಯಾಗಿ ಮಾರುವಂತಿಲ್ಲ, ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಕೊಡಬೇಕು, ಇವೆಲ್ಲವೂ ಅದರಲ್ಲಿವೆ. ಆ ದಿನ ಚೆಕ್ ಬರೆಯದೆ ವಾಪಸು ಬಂದೆವು. ಮನೆಗೆ ಬಂದು ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ತಿಳಿಯಿತು. ಕಟ್ಟುತ್ತಿರುವ ಮನೆಗೆ ಶೇಕಡಾ 5 ಜಿಎಸ್‌ಟಿ ಸೇರುತ್ತದೆ. ಮನೆ ಕೈಗೆ ಬರುವವರೆಗೆ ಈ ಕಡೆ ಬಾಡಿಗೆ, ಆ ಕಡೆ ಸಾಲದ ಬಡ್ಡಿ. ಅದು ನಮ್ಮಿಂದಾಗದ ಮಾತು. ಹಳೆಯ ಮನೆಯನ್ನೇ ನೋಡೋಣ ಎಂದು ತೀರ್ಮಾನಿಸಿದೆವು.

ಹಳೆಯ ಮನೆಗಳಲ್ಲಿ ಮೊದಲು ಸಿಕ್ಕಿದ್ದು ಎಂಟು ಲಕ್ಷ ಕಡಿಮೆ ಬೆಲೆಯ, ತುಂಬಾ ಗಾಳಿ ಬೆಳಕಿನ ಮನೆ. ಆ ಕಟ್ಟಡಕ್ಕೆ ಓಸಿ ಇರಲಿಲ್ಲ. ಓಸಿ ಎಂದರೆ ಮಹಾನಗರಪಾಲಿಕೆ ಕೊಡುವ ವಾಸದ ಪ್ರಮಾಣಪತ್ರ. “ಮುಂಬಯಿಯಲ್ಲಿ ಎಷ್ಟೋ ಬಿಲ್ಡಿಂಗಿಗೆ ಇಲ್ಲ, ಜನ ಇರುವುದಿಲ್ಲವಾ?” ಎಂದ ದಲ್ಲಾಳಿ. ಇರುತ್ತಾರೆ, ನಿಜ. ಆದರೆ ಸಾಲ ಸಿಗುವುದು ಕಷ್ಟ, ನಾಳೆ ಮಾರುವುದೂ ಕಷ್ಟ. ಎಂಟು ಲಕ್ಷ ಕಡಿಮೆಯಾದದ್ದು ಆ ಕಾರಣಕ್ಕೇ. ಬಿಟ್ಟೆವು.

ಕೊನೆಗೆ ಸಿಕ್ಕಿದ್ದು ಭಾಂಡುಪ್ ಪಶ್ಚಿಮದಲ್ಲಿ ಮೂರನೇ ಮಹಡಿಯ ಒಂದು ಬಿಎಚ್‌ಕೆ, 380 ಚದರ ಅಡಿ. ಬೆಲೆ 90 ಲಕ್ಷ. ಊರಿನಲ್ಲಿ ಈ ಮೊತ್ತ ಹೇಳಿದರೆ “ಅಂಗಳ ಎಷ್ಟು ದೊಡ್ಡದು?” ಎಂದು ಕೇಳುತ್ತಾರೆ!

ಈಗ ಸ್ವಲ್ಪ ಲೆಕ್ಕ. ಹೊಸದಾಗಿ ಮದುವೆಯಾದವರು ದಯವಿಟ್ಟು ಬರೆದುಕೊಳ್ಳಿ. ಸಾಲ 30ರಿಂದ 75 ಲಕ್ಷದೊಳಗಿದ್ದರೆ ಬ್ಯಾಂಕ್ ಬೆಲೆಯ ಶೇಕಡಾ 80ರವರೆಗೆ ಮಾತ್ರ ಕೊಡಬಹುದು. ನಾವು ತೆಗೆದುಕೊಂಡದ್ದು 70 ಲಕ್ಷ. ಉಳಿದ 20 ಲಕ್ಷ ನಮ್ಮ ಕೈಯಿಂದ. ಸಾಲದೊಳಗೆ ಸೇರದ ಖರ್ಚು ಬೇರೆ: ಸ್ಟ್ಯಾಂಪ್ ಡ್ಯೂಟಿ ಶೇಕಡಾ 6, ಅಂದರೆ 5,40,000. ನೋಂದಣಿ ಶುಲ್ಕ 30,000. ದಲ್ಲಾಳಿಗೆ 90,000. ಸೊಸೈಟಿಯ ವರ್ಗಾವಣೆಗೆ 25,000. ಒಟ್ಟು ಹೆಚ್ಚುಕಡಿಮೆ 27 ಲಕ್ಷ ನಮ್ಮಲ್ಲಿರಬೇಕಾಯಿತು. ‘20 ಲಕ್ಷ ಉಳಿಸಿದ್ದೇವೆ, ಸಾಕು’ ಎಂದುಕೊಂಡಿದ್ದೆವು. ಆ ಏಳು ಲಕ್ಷಕ್ಕಾಗಿ ನನ್ನ ಅಮ್ಮ ಕೊಟ್ಟ ಬಳೆಗಳನ್ನು ಮಾರಿದೆ. ಇದನ್ನು ಅಳುತ್ತಾ ಹೇಳುತ್ತಿಲ್ಲ. ಆದರೆ ಮೊದಲೇ ಲೆಕ್ಕ ಹಾಕಿದ್ದರೆ ಇನ್ನೊಂದು ವರ್ಷ ಕಾದು ಬಳೆ ಉಳಿಸಿಕೊಳ್ಳಬಹುದಿತ್ತು.

ಇನ್ನೊಂದು ಮಾತು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಮನೆಯಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡಾ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಮರೆತರೆ ದಂಡ ನಮಗೇ.

ಆಮೇಲೆ ಬಂತು ಹೆಸರಿನ ಪ್ರಶ್ನೆ. ಮಹಾರಾಷ್ಟ್ರದಲ್ಲಿ 2021ರಿಂದ ಮನೆಯನ್ನು ಮಹಿಳೆಯ ಹೆಸರಿನಲ್ಲಿ ಮಾತ್ರ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡಾ 1 ರಿಯಾಯಿತಿ ಇದೆ. ನಮಗೆ 90,000 ಉಳಿಯುತ್ತಿತ್ತು. ಗಂಡನ ಹೆಸರೂ ಸೇರಿದರೆ ಅದು ಸಿಗುವುದಿಲ್ಲ. ನಮ್ಮವರು “ನಿನ್ನ ಹೆಸರಿನಲ್ಲೇ ಮಾಡೋಣ” ಎಂದರು. ಊರಿನಿಂದ ಫೋನುಗಳು ಬಂದವು. “ಗಂಡಸು ದುಡಿದು ಹೆಂಡತಿ ಹೆಸರಿಗೆ ಮಾಡುವುದಾ?” ಎಂದರು ಒಬ್ಬರು. ನಾನೂ ದುಡಿಯುತ್ತೇನೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಆ ಮಾತು ನನಗೆ ತುಂಬಾ ನಾಟಿತು. ಎರಡು ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಇಬ್ಬರ ಹೆಸರಿನಲ್ಲೂ ಮಾಡಿಸಿದೆವು. ಸಾಲ ಇಬ್ಬರದು, ಮನೆಯೂ ಇಬ್ಬರದು. ಆಗ ಆ ರಿಯಾಯಿತಿಗೆ 15 ವರ್ಷ ಗಂಡಸರಿಗೆ ಮನೆ ಮಾರಬಾರದು ಎಂಬ ಷರತ್ತೂ ಇತ್ತು. 2023ರಲ್ಲಿ ಸರ್ಕಾರ ಅದನ್ನು ತೆಗೆದುಹಾಕಿದೆ. ಹಾಗಾಗಿ ಈಗ ಕೊಳ್ಳುವವರು ಹೊಸದಾಗಿ ಯೋಚಿಸಿ. ಯಾವ ತೀರ್ಮಾನ ಮಾಡಿದರೂ ಒಂದು ವ್ಯತ್ಯಾಸ ತಿಳಿದಿರಲಿ. ಸಾಲದ ಕಾಗದದಲ್ಲಿ ಸಹ-ಸಾಲಗಾರಳಾಗಿ ಸಹಿ ಹಾಕಿದ ಮಾತ್ರಕ್ಕೆ ನೀವು ಮನೆಯ ಮಾಲೀಕಳಾಗುವುದಿಲ್ಲ. ಖರೀದಿ ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರಿರಬೇಕು. ಕಂತು ಕಟ್ಟುವ ಹೊಣೆ ಮಾತ್ರ ಇದ್ದು, ಮನೆಯಲ್ಲಿ ಪಾಲಿಲ್ಲದ ಹೆಣ್ಣುಮಕ್ಕಳು ಇದ್ದಾರೆ. ಹಾಗೆಯೇ ಸೊಸೈಟಿಯಲ್ಲಿ ನಾಮಿನಿ ಎಂದು ಬರೆಸಿದರೆ ವಾರಸುದಾರಿಕೆ ಬಂದಂತಲ್ಲ. ಅದನ್ನು ನಿರ್ಧರಿಸುವುದು ಉಯಿಲು, ಉಯಿಲಿಲ್ಲದಿದ್ದರೆ ಉತ್ತರಾಧಿಕಾರದ ಕಾನೂನು.

ನನ್ನ ದೊಡ್ಡ ತಪ್ಪನ್ನು ಈಗ ಒಪ್ಪಿಕೊಳ್ಳುತ್ತೇನೆ. ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ತಪ್ಪು ಹಿಡಿಯುವುದು ನನ್ನ ಕೆಲಸ. ಆದರೆ ಬ್ಯಾಂಕಿನ ಸಾಲದ ಕಾಗದಗಳಿಗೆ, ತೋರಿಸಿದ ಕಡೆಯೆಲ್ಲ, ಹತ್ತು ನಿಮಿಷದಲ್ಲಿ ಸಹಿ ಹಾಕಿದೆ. ಬಡ್ಡಿ ಶೇಕಡಾ 8.5, ಅವಧಿ 20 ವರ್ಷ, ತಿಂಗಳ ಕಂತು ಸುಮಾರು 60,750. ಮೊದಲ ಕಂತಿನಲ್ಲಿ 49,583 ರೂಪಾಯಿ ಬಡ್ಡಿಗೇ ಹೋಯಿತು, ಅಸಲಿಗೆ ಸೇರಿದ್ದು ಹನ್ನೊಂದು ಸಾವಿರ ಚಿಲ್ಲರೆ. ಆಮೇಲೆ ಬಡ್ಡಿ ಏರಿತು. ಕಂತು ಅಷ್ಟೇ ಇದ್ದುದರಿಂದ ನಾವು ನಿಶ್ಚಿಂತೆಯಾಗಿದ್ದೆವು. ಒಂದು ದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಅವಧಿ ಬೆಳೆದಿದೆ! ಬಡ್ಡಿ ಮುಕ್ಕಾಲು ಶೇಕಡಾ ಹೆಚ್ಚಾಗಿ ಕಂತು ಹಾಗೇ ಇದ್ದರೆ ಇಂಥ ಸಾಲಕ್ಕೆ ಸುಮಾರು ಮೂರು ಮುಕ್ಕಾಲು ವರ್ಷ ಸೇರುತ್ತದೆ. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಆರಿಸುವ ಅವಕಾಶವನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಹೇಳಿದೆ. ನೀವು ಕೇಳಬೇಕು, ಅಷ್ಟೇ. ಬದಲಾಗುವ ಬಡ್ಡಿಯ ಮನೆಸಾಲವನ್ನು ಮೊದಲೇ ತೀರಿಸಿದರೆ ದಂಡವಿಲ್ಲ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ಮುಗಿಯುತ್ತದೆ.

ಇನ್ನು ಮನೆ ಸರಿಪಡಿಸಿದ ಕತೆ. 2022ರ ನವೆಂಬರಿನಲ್ಲಿ ಕೀ ಕೈಗೆ ಬಂತು. ಗೋಡೆಗೆ ಯಾವ ಬಣ್ಣ, ಪರದೆ ಯಾವುದು ಎಂದು ನಾನು ಫೋನಿನಲ್ಲಿ ಚಿತ್ರ ಕೂಡಿಡುತ್ತಿದ್ದೆ. ಮೇಸ್ತ್ರಿ ಬಂದವರು ಬಚ್ಚಲಿನ ಗೋಡೆ ತಟ್ಟಿ, “ಮೊದಲು ಪೈಪ್ ನೋಡಿ” ಎಂದರು. ಒಡೆದು ನೋಡಿದರೆ ಕಬ್ಬಿಣದ ಪೈಪುಗಳು ತುಕ್ಕು ಹಿಡಿದು ಅರ್ಧ ಮುಚ್ಚಿಹೋಗಿದ್ದವು. ಇಟ್ಟಿದ್ದ ಆರು ಲಕ್ಷದಲ್ಲಿ ಎರಡು ಲಕ್ಷ ಕಣ್ಣಿಗೆ ಕಾಣದ ಪೈಪು, ವಯರು, ವಾಟರ್‌ಪ್ರೂಫಿಂಗಿಗೆ ಹೋಯಿತು. ಬೇಸರವಾಗಿತ್ತು. ಆದರೆ ಮುಂದಿನ ಮಳೆಗಾಲದಲ್ಲಿ ಪಕ್ಕದ ಮನೆಯವರು ಬಕೆಟ್ ಇಟ್ಟುಕೊಂಡು ಕೂತಿದ್ದಾಗ ನಮ್ಮ ಗೋಡೆ ಒಣಗಿತ್ತು.

ಕ್ರಮ ನೆನಪಿಡಿ. ಮೊದಲು ಸೊಸೈಟಿಗೆ ಪತ್ರ ಕೊಟ್ಟು ಅನುಮತಿ. ಕಂಬ, ತೊಲೆ ಮುಟ್ಟುವಂತಿಲ್ಲ. ಆಮೇಲೆ ಒಡೆಯುವ ಕೆಲಸ, ಪೈಪು, ವಯರಿಂಗು. ಗೀಜರಿಗೆ, ಎ.ಸಿ.ಗೆ ಬೇರೆ ಬೇರೆ ಲೈನು, ಅರ್ಥಿಂಗ್ ಕಡ್ಡಾಯ. ಬಚ್ಚಲಿನ ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ಕನಿಷ್ಠ ಒಂದು ಇಡೀ ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಛಾವಣಿ ನೋಡಿಕೊಂಡು ಬಂದು, ಅನಂತರ ಟೈಲ್ಸ್. ಮರದ ಕೆಲಸ, ಬಣ್ಣ ಕೊನೆಗೆ.

ಅಡುಗೆಮನೆ ವಿಷಯದಲ್ಲಿ ಜಗಳವಾಯಿತು. ನನಗೆ ಮಾಡ್ಯುಲರ್ ಕಿಚನ್ ಬೇಕಿತ್ತು. 3,80,000 ಎಂದಿದ್ದರು. ಅದನ್ನು ಕೊಟ್ಟರೆ ಆಪತ್ಕಾಲಕ್ಕೆಂದು ಎಫ್‌ಡಿಯಲ್ಲಿಟ್ಟ ದುಡ್ಡು ಖಾಲಿ. “ಮನೆ ಮಾಡುವುದು ಒಂದೇ ಸಲ” ಎಂದು ನಾನು, “ಯೋಚನೆ ಮಾಡು” ಎಂದು ನಮ್ಮವರು. ಅತ್ತೆ ಬಂದು ಹಳೆಯ ಕಡಪ್ಪ ಕಲ್ಲುಗಳನ್ನು ಕೈಯಿಂದ ಸವರಿ ನೋಡಿದರು. “ಎಂತಕ್ಕೆ ಮಾರಾಯ್ತಿ ಈ ಪೆಟ್ಟಿಗೆ ಎಲ್ಲ? ಕಲ್ಲು ಗಟ್ಟಿ ಉಂಟಲ್ಲ. ಬಾಗಿಲು ಹಾಕಿಸಿದರೆ ಸಾಕು. ದುಡ್ಡು ಕೈಯಲ್ಲಿರಲಿ” ಎಂದರು. ಕಲ್ಲು ಉಳಿಸಿಕೊಂಡು, ಬಾಗಿಲು ಹಾಕಿಸಿ, 85,000ದಲ್ಲಿ ಮುಗಿಸಿದೆವು. ಒಂದು ತಿಂಗಳು ನನಗೆ ಸಿಟ್ಟಿತ್ತು.

2024ರ ಮಾರ್ಚಿನಲ್ಲಿ ನನ್ನ ಕೆಲಸ ಹೋಯಿತು. ಒಂದು ವಿಡಿಯೋ ಕಾಲ್, ಹದಿನೈದು ನಿಮಿಷ, ಮುಗಿಯಿತು. ಮುಂದಿನ ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಆಗ ಕಂತು ನಮ್ಮವರ ಸಂಬಳದಲ್ಲಿ ನಡೆಯಿತು, ಮನೆಖರ್ಚು, ಅತ್ತೆಯ ಔಷಧಿ ಆ ಎಫ್‌ಡಿಯಲ್ಲಿ ನಡೆಯಿತು. ಒಂದು ಕಂತೂ ತಪ್ಪಲಿಲ್ಲ. ಮನೆ ಕೊಳ್ಳುವಾಗ ‘ಇಬ್ಬರ ಸಂಬಳ ಇದೆ, ಇನ್ನೂ ದೊಡ್ಡ ಸಾಲ ಸಿಗುತ್ತದೆ’ ಎಂದು ಬ್ಯಾಂಕಿನವರು ಹೇಳಿದ್ದರು. ಒಬ್ಬರ ಸಂಬಳದಲ್ಲಿ ಕಟ್ಟಲಾಗದ ಕಂತು ಬೇಡ ಎಂದು ನಾವು ನಿಂತದ್ದು ಆಗ ನಮ್ಮನ್ನು ಉಳಿಸಿತು. ಕೆಲಸವಿಲ್ಲದ ಆ ದಿನಗಳಲ್ಲಿ ನಾನು ಬಹಳ ಕುಗ್ಗಿದ್ದೆ. ‘ನಾನು ಏನೂ ಕೊಡುತ್ತಿಲ್ಲ’ ಎನ್ನಿಸುತ್ತಿತ್ತು. ಒಂದು ಸಂಜೆ ಅತ್ತೆ ಹೇಳಿದರು, “ನಿನ್ನ ಮನೆಯಲ್ಲಿ ನೀನು ಕೂತಿದ್ದಿ. ಯಾರದ್ದೋ ಮನೆಯಲ್ಲಲ್ಲ.” ಒಂಬತ್ತು ಬಾಡಿಗೆ ಮನೆ ಕಂಡವರ ಮಾತು ಅದು.

ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ ಮೇಲೆ ಅವರು ಸುತ್ತಿಗೆ ಕೇಳಿದ್ದು ನೆನಪಿದೆ. ಹೊಸ ಬಣ್ಣದ ಗೋಡೆಗೆ ತಾವೇ ಒಂದು ಮೊಳೆ ಹೊಡೆದು ಕನ್ನಡ ಕ್ಯಾಲೆಂಡರ್ ನೇತುಹಾಕಿದರು. ಮೊಳೆ ಸ್ವಲ್ಪ ಸೊಟ್ಟಗಿದೆ. ಹಾಗೇ ಇರಲಿ ಎಂದಿದ್ದೇವೆ.

ಕೊನೆಗೆ ಒಂದು ವಿನಂತಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮನೆಯ ಕಡತ ಹೊರಗೆ ತೆಗೆಯಿರಿ. ಅಗ್ರಿಮೆಂಟ್, ಇಂಡೆಕ್ಸ್ ಎರಡು, ಸೊಸೈಟಿಯ ಶೇರ್ ಸರ್ಟಿಫಿಕೇಟ್, ಸಾಲದ ಸ್ಟೇಟ್‌ಮೆಂಟ್. ಯಾರ ಹೆಸರಿದೆ, ಎಷ್ಟು ಸಾಲ ಉಳಿದಿದೆ, ಎಷ್ಟು ವರ್ಷ ಬಾಕಿ, ಗಂಡ ಹೆಂಡತಿ ಇಬ್ಬರೂ ಕೂತು ನೋಡಿ. ಅರ್ಥವಾಗದಿದ್ದರೆ ನಾಚಿಕೆ ಬೇಡ. ಎಂ.ಟೆಕ್. ಓದಿದ ನನಗೂ ಅರ್ಥವಾಗಿರಲಿಲ್ಲ. ನಮ್ಮ ವಿಭಾಗದಲ್ಲೇ ಬ್ಯಾಂಕಿನವರಿದ್ದಾರೆ, ವಕೀಲರಿದ್ದಾರೆ. ಅವತ್ತು ನನ್ನ ಫೋನ್ ತೆಗೆದುಕೊಂಡ ಆ ಅಕ್ಕ, ಮುಂದಿನ ತಿಂಗಳಿನಿಂದ ಒಂದು ಶನಿವಾರ ಸಂಜೆ ಇಲ್ಲಿ ಕೂರಲು ಒಪ್ಪಿದ್ದಾರೆ. ಕಾಗದ ಹಿಡಿದುಕೊಂಡು ಬನ್ನಿ, ಚಹಾ ನಾನು ಮಾಡುತ್ತೇನೆ.