ಮನೆಯೊಳಗೊಂದು ಕಡಲು

ಹವಳ, ಕಡಲ ಮೀನುಗಳನ್ನು ಸಾಕುವ ಗಾಜಿನ ತೊಟ್ಟಿಯನ್ನು ಮತ್ತೆ ಕಟ್ಟುವಾಗ ಎಲ್ಲವನ್ನೂ ಚೊಕ್ಕಟವಾಗಿ ತೊಳೆದುಬಿಡೋಣವೆಂದು ನಿಮಗೆ ತೋರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ಕಲ್ಲುಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ನೆಲೆಸಿರುತ್ತವೆ. ಮೀನು ಹೊರಬಿಡುವ ಅಮೋನಿಯ ವಿಷಕರವಾದುದು. ಈ ಜೀವಿಗಳು ಅದನ್ನು ನೈಟ್ರೈಟನ್ನಾಗಿ, ಮುಂದೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ. ನಲ್ಲಿನೀರಿನ ಕ್ಲೋರೀನು ಇವನ್ನು ಕೊಂದೀತು. ಆದ್ದರಿಂದ ಕಲ್ಲುಗಳನ್ನು ತೊಟ್ಟಿಯ ಉಪ್ಪುನೀರಿನಲ್ಲೇ ಮುಳುಗಿಸಿಡಿ.

ಹೊಸ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ ಬೇಕು. ಅಡುಗೆಯ ಉಪ್ಪು ಸಾಲದು. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ತಗ್ಗಿದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಿರಿ.

ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟು ಎರಡೂ ಕಾಣದಾಗುವವರೆಗೆ ಹೊಸ ಮೀನನ್ನು ಬಿಡಬೇಡಿ. ವಾರಗಳೇ ಹಿಡಿಯಲಿ, ಕಾಯಿರಿ. ನಮ್ಮ ಅವಸರಕ್ಕೆ ಬೆಲೆ ತೆರುವವು ಆ ಮೂಕಪ್ರಾಣಿಗಳು.