ಪ್ರಕಾಶಕರೇ ಜಗಳ ತೆಗೆದ ಪುಸ್ತಿಕೆ

ಒಂದು ಸಂಸ್ಥೆ ತಾನೇ ದುಡ್ಡು ಹಾಕಿ ಪುಸ್ತಿಕೆ ಅಚ್ಚು ಹಾಕಿಸುತ್ತೆ. ಅದರ ಒಳಗೇ, ಪುಟದ ಅಡಿಯಲ್ಲಿ, ಲೇಖಕರ ಒಪ್ಪಿಗೆ ಇಲ್ಲದೆ ಅವರನ್ನೇ ಟೀಕಿಸೋ ಟಿಪ್ಪಣಿ ಸೇರಿಸುತ್ತೆ. ಆ ಲೇಖಕರು ಮಿಲ್ಟನ್ ಫ್ರೀಡ್‌ಮನ್ ಮತ್ತು ಜಾರ್ಜ್ ಸ್ಟಿಗ್ಲರ್. ಮುಂದೆ ಇಬ್ಬರಿಗೂ ನೊಬೆಲ್ ಬಂತು! ಇದನ್ನ ಓದಿದ ಮೇಲೆ ನನಗೆ ಬೇರೇನೂ ತಲೆಗೆ ಹತ್ತಲಿಲ್ಲ.

ಸಂಸ್ಥೆ ಯಾವುದು ಅಂದ್ರೆ, ಫೌಂಡೇಶನ್ ಫಾರ್ ಎಕನಾಮಿಕ್ ಎಜುಕೇಶನ್. ಅಮೆರಿಕದ ಹೈಸ್ಕೂಲ್ ಮಕ್ಕಳನ್ನ ಬೇಸಿಗೆ ರಜೆಯಲ್ಲಿ ಕೂರಿಸಿಕೊಂಡು ಮುಕ್ತ ಮಾರುಕಟ್ಟೆಯ ಪಾಠ ಹೇಳೋ ಶಿಬಿರಗಳಿವೆಯಲ್ಲ, ಅವುಗಳಲ್ಲಿ ಹೆಸರಾದ ಮನೆ ಇದು. ಕಟ್ಟಿದವರು ಲೆನರ್ಡ್ ರೀಡ್. ಅವರದೇ 'ಐ, ಪೆನ್ಸಿಲ್' ಅನ್ನೋ ಪ್ರಬಂಧ ಇಂಥ ಪಾಠಗಳ ಅಕ್ಷರಾಭ್ಯಾಸ ಇದ್ದಂಗೆ. ಒಂದು ಪೆನ್ಸಿಲ್ ಮಾಡೋದು ಹೇಗೆ ಅಂತ ಪೂರ್ತಿ ಬಲ್ಲವನು ಭೂಮಿ ಮೇಲೆ ಒಬ್ಬನೂ ಇಲ್ಲ ಅನ್ನುತ್ತೆ ಅದು. ಮರ ಕ್ಯಾಲಿಫೋರ್ನಿಯಾ, ಆರೆಗನ್ ಕಡೆಯದು, ಗ್ರಾಫೈಟ್ ಸಿಲೋನಿನದು, ಯಾರ ಅಪ್ಪಣೆಯೂ ಇಲ್ಲದೆ ಎಲ್ಲಾ ಬಂದು ಕೂಡಿಕೊಳ್ಳುತ್ತೆ. ಚಂದದ ಬರಹ, ಒಪ್ಪಿದೆ. ಆದರೆ ಆ ಪಟ್ಟಿಯಲ್ಲಿ ಹಡಗಿಗೆ ದಾರಿ ತೋರಿಸೋ ದೀಪಸ್ತಂಭದ ಕಾವಲುಗಾರನೂ ಇದ್ದಾನೆ. ಅಮೆರಿಕದಲ್ಲಿ ಅವನಿಗೆ ಸಂಬಳ ಕೊಡ್ತಿದ್ದಿದ್ದು ಸರ್ಕಾರ. ಇರಲಿ ಬಿಡಿ.

ಪುಸ್ತಿಕೆಗೆ ಬರೋಣ. 1946. ವಿಷಯ, ಬಾಡಿಗೆ ನಿಯಂತ್ರಣ. ಫ್ರೀಡ್‌ಮನ್ ಮತ್ತು ಸ್ಟಿಗ್ಲರ್ ಸ್ಯಾನ್ ಫ್ರಾನ್ಸಿಸ್ಕೊದ ಹಳೇ ಪೇಪರ್ ತೆಗೆದರು. 1906ರ ಭೂಕಂಪ, ಬೆಂಕಿಗೆ ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳು ಹೋಗಿದ್ದವು. ಆದರೂ ಸುಮಾರು ಐದೇ ವಾರದ ನಂತರ ಒಂದು ದಿನದ ಪೇಪರಿನಲ್ಲಿ 'ಮನೆ ಬಾಡಿಗೆಗಿದೆ' ಅನ್ನೋ ಜಾಹೀರಾತು 64, ಮನೆ ಬೇಕು ಅಂತ ಕೇಳಿದವು 5. ನಲವತ್ತು ವರ್ಷದ ನಂತರ ಭೂಕಂಪವೂ ಇಲ್ಲ, ಬೆಂಕಿಯೂ ಇಲ್ಲ, ಆದರೆ ಬಾಡಿಗೆ ಮನೆಯೇ ಇಲ್ಲ. ಕಾರಣ ಬಾಡಿಗೆಗೆ ಹಾಕಿದ ಮಿತಿ ಅನ್ನೋದು ಅವರ ವಾದ. ರೀಡ್‌ಗೆ ಇದಕ್ಕಿಂತ ಇನ್ನೇನು ಬೇಕಿತ್ತು?

ತೊಂದರೆ ಆಗಿದ್ದು ಒಂದೇ ಕಡೆ. ಜನರ ನಡುವೆ ಈಗಿರೋದಕ್ಕಿಂತ ಹೆಚ್ಚು ಸಮಾನತೆ ಇರಲಿ ಅನ್ನೋದು ನಮ್ಮ ಆಸೆಯೂ ಹೌದು, ಅಂತ ಇಬ್ಬರೂ ಬರೆದುಬಿಟ್ಟಿದ್ದರು. ತೆಗೆಯಿರಿ ಅಂದರೆ ತೆಗೆಯಲಿಲ್ಲ. ಆಗ ಬಂತು ನೋಡಿ, ಆ ಅಡಿಟಿಪ್ಪಣಿ. ಕಾದಂಬರಿಗಾರ್ತಿ ಐನ್ ರ್ಯಾಂಡ್ ಅವರಿಗೆ ಅದೂ ಸಾಲಲಿಲ್ಲ. ಇಡೀ ಪುಸ್ತಿಕೆಯೇ ಸಮೂಹವಾದಿಗಳ ಪ್ರಚಾರ ಅಂತ ಕೆಂಡ ಕಾರಿದರು. ಫ್ರೀಡ್‌ಮನ್ ಕಮ್ಯುನಿಸ್ಟರ ಕಡೆಯವರಂತೆ! ರಿಯಲ್ ಎಸ್ಟೇಟ್ ಮಂದಿ ಮಾತ್ರ ಅದರ ಸಂಕ್ಷಿಪ್ತ ರೂಪವನ್ನ ಐದು ಲಕ್ಷ ಪ್ರತಿ ಹಂಚಿದರು. ಫ್ರೀಡ್‌ಮನ್ ಸಿಟ್ಟಿನಿಂದ ವರ್ಷಗಟ್ಟಲೆ ಆ ಸಂಸ್ಥೆಯ ಸಹವಾಸವನ್ನೇ ಬಿಟ್ಟರು. ನನ್ನ ಕೇಳಿದರೆ ಶಿಬಿರದ ಮೊದಲ ದಿನ ಪೆನ್ಸಿಲ್ ಬದಲು ಈ ಪುಟವನ್ನೇ ಮಕ್ಕಳ ಕೈಗೆ ಕೊಡಬೇಕು.

ಇಲ್ಲಿಂದ ಇವತ್ತಿನ ಶಿಬಿರಗಳಿಗೆ ಬರೋಣ ಅಂದುಕೊಂಡಿದ್ದೆ. ಆದರೆ ರಾಬರ್ಟ್ ಲೆಫೆವ್ರ್ ಅಡ್ಡ ಬಂದರು. ಇವರು ಕೊಲರಾಡೊ ಬೆಟ್ಟದ ತಪ್ಪಲಲ್ಲಿ, ಮರದ ದಿಮ್ಮಿಯ ಮನೆಗಳಲ್ಲಿ, 'ಫ್ರೀಡಂ ಸ್ಕೂಲ್' ನಡೆಸಿದವರು. ಮುಂದೆ ದೊಡ್ಡ ಉದ್ಯಮಿಯಾದ ಚಾರ್ಲ್ಸ್ ಕೋಕ್ ಕೂಡ ಅಲ್ಲಿ ಪಾಠ ಕೇಳಿದವರೇ. ಲೆಫೆವ್ರ್‌ಗೆ ಸರ್ಕಾರ ಅನ್ನೋದೇ ಬೇಡ, ಮತ ಹಾಕೋದೂ ತಪ್ಪು. ಅವರ ಬಗ್ಗೆ ಒಂದು ಕಥೆ ಓಡಾಡುತ್ತೆ: ಕಳ್ಳ ನಿಮ್ಮನ್ನ ಹಗ್ಗದಲ್ಲಿ ಕಟ್ಟಿಹಾಕಿದರೆ ಹಗ್ಗ ಕತ್ತರಿಸಬಹುದಾ ಅಂತ ಕೇಳಿದ್ದಕ್ಕೆ, ಕೂಡದು, ಹಗ್ಗ ಕಳ್ಳನ ಆಸ್ತಿ ಅಂದರಂತೆ!

ರೀಡ್ ಸಮಾನತೆಯ ಆಸೆಗೇ ಟಿಪ್ಪಣಿ ಹಾಕಿದವರು. ಲೆಫೆವ್ರ್ ಮುಂದೆ ಅವರೇ ಮಿತವಾದಿ ಅನ್ನಿಸುತ್ತೆ. ಇನ್ನೊಂದು ಗೊತ್ತಾ? ಲೆಫೆವ್ರ್ ಶಾಲೆಗೆ ಪಾಠ ಹೇಳೋಕೆ ಬಂದವರ ಪಟ್ಟಿಯಲ್ಲಿ ಲೆನರ್ಡ್ ರೀಡ್ ಹೆಸರಿದೆ. ಮಿಲ್ಟನ್ ಫ್ರೀಡ್‌ಮನ್ ಹೆಸರೂ ಇದೆ.